ಹಳೇ ಡೆಸ್ಕ್‌ಟಾಪಿಗೆ ಆಂಟಿಎಕ್ಸ್: 2 ಜಿಬಿ ರ‍್ಯಾಮ್, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗೋ ಊರು

ಕೊಡಚಾದ್ರಿ_ತಪ್ಪಲು:

ನಮಸ್ಕಾರ. ಹೊಸನಗರ ತಾಲ್ಲೂಕಿನ ಹಳ್ಳಿ ಮನೆಯಲ್ಲಿ ಖಾಲಿ ಬಿದ್ದಿರೋ ಡೆಸ್ಕ್‌ಟಾಪಿಗೆ ಹಗುರವಾದ ಲಿನಕ್ಸ್ ಹಾಕಬೇಕು. ಇಂಟೆಲ್ ಪೆಂಟಿಯಂ ಡ್ಯುಯಲ್ ಕೋರ್ ಇ5200, ಜಿ31 ಬೋರ್ಡ್, 1 ಜಿಬಿಯ ಎರಡು ಡಿಡಿಆರ್2 ರ‍್ಯಾಮ್, 160 ಜಿಬಿ ಸಾಟಾ ಹಾರ್ಡ್‌ಡಿಸ್ಕ್. ಕೆಲಸ ದೊಡ್ಡದೇನಲ್ಲ: ಅಡಿಕೆ ಲೆಕ್ಕದ ಶೀಟು, ಪಹಣಿ ನೋಡೋದು, ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪಿಂಗ್, ಮಕ್ಕಳಿಗೆ ಪಾಠದ ವಿಡಿಯೊ.

ಆಂಟಿಎಕ್ಸ್ 23, 64 ಬಿಟ್ ಫುಲ್ ಆವೃತ್ತಿಯನ್ನ ವೆಂಟಾಯ್ (ಪೆನ್‌ಡ್ರೈವಿನಿಂದ ಬೂಟ್ ಮಾಡಿಸೋ ಸಾಧನ) ಪೆನ್‌ಡ್ರೈವಿಗೆ ಹಾಕಿ ಲೈವ್, ಅಂದ್ರೆ ಡಿಸ್ಕಿಗೆ ಹಾಕದೆ, ಓಡಿಸಿ ನೋಡಿದ್ದಾಯ್ತು. ಡೆಸ್ಕ್‌ಟಾಪ್ ಚುರುಕಾಗಿ ಬರ್ತದೆ. ತೊಂದರೆ ಇವು: ಬ್ರೌಸರಲ್ಲಿ ಮೂರನೇ ಟ್ಯಾಬ್ ತೆಗೆದ ಕೂಡಲೇ ಮೌಸ್ ಸಮೇತ ಎಲ್ಲ ನಿಂತುಹೋಗ್ತದೆ, ಪೆನ್‌ಡ್ರೈವಿನ ದೀಪ ಮಾತ್ರ ಆರದೆ ಉರೀತಿರ್ತದೆ. ಅರ್ಧಕ್ಕರ್ಧ ಜಾಲತಾಣಗಳು "ಸುರಕ್ಷಿತ ಸಂಪರ್ಕ ಸಾಧ್ಯವಿಲ್ಲ" ಅಂತವೆ. ಆಪ್ಟ್ (ಪ್ಯಾಕೇಜ್ ಇಳಿಸೋ ಆಜ್ಞೆ) ಅಪ್‌ಡೇಟ್ ಕೊಟ್ರೆ ರಿಲೀಸ್ ಕಡತ ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನೋ ತಪ್ಪು ಬರ್ತದೆ. ಪೆನ್‌ಡ್ರೈವ್ ಒಂದು ಸಲ ಬೂಟ್ ಪಟ್ಟಿಯಲ್ಲಿ ಕಾಣ್ತದೆ, ಇನ್ನೊಂದು ಸಲ ಇಲ್ಲ. ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಾಣ್ತವೆ.

ಮಳೆಗಾಲದಲ್ಲಿ ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗ್ತದೆ, ಯುಪಿಎಸ್ ಇಲ್ಲ. ಆಂಟಿಎಕ್ಸ್‌ನಲ್ಲೇ ಮುಂದುವರಿಯೋದೋ, ಪಪ್ಪಿ ಅನ್ನೋ ಇನ್ನೊಂದು ಹಗುರ ಲಿನಕ್ಸ್ ನೋಡೋದೋ?

ತುಂಗಾತೀರ:

ಆಂಟಿಎಕ್ಸೇ ಇರಲಿ. ನೀವು ಬರೆದ ತೊಂದರೆಗಳಲ್ಲಿ ಒಂದೂ ಡಿಸ್ಟ್ರೋದ್ದಲ್ಲ (ಲಿನಕ್ಸ್ ಆವೃತ್ತಿಯದ್ದಲ್ಲ).

ಮೊದಲು ಗಡಿಯಾರ ನೋಡಿ. ಪರದೆಯ ಮೂಲೇಲಿ ಇಸವಿ 2008 ಅಥವಾ 2009 ಇರ್ತದೆ, ಖಚಿತ. ಬೋರ್ಡಿನ ಮೇಲೆ ಎಂಟಾಣೆಯಷ್ಟಗಲದ ಸಿಆರ್2032 ಬ್ಯಾಟರಿ ಸತ್ತಿದೆ. ಪ್ರತಿ ಜಾಲತಾಣದ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರ್ತದೆ. ನಿಮ್ಮ ಯಂತ್ರಕ್ಕೆ ಆ "ಇಂಥ ದಿನ" ಇನ್ನೂ ಬಂದೇ ಇಲ್ಲ, ಹಾಗಾಗಿ ಬ್ರೌಸರ್ ಒಪ್ಪಲ್ಲ. ಆಪ್ಟಿನ ತಪ್ಪಿಗೂ ಅದೇ ಕಾರಣ. ವೈರು ಗೋಡೆಯಿಂದ ಕಿತ್ತು, ಬ್ಯಾಟರಿ ಬದಲಿಸಿ, ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ದಿನಾಂಕ ಸರಿಮಾಡಿ. ಬ್ಯಾಟರಿ ತೆಗೆದಾಗ ಬೂಟ್ ಕ್ರಮವೂ ಅಳಿಸಿಹೋಗಿರ್ತದೆ, ಅದನ್ನೂ ನೋಡಿ ಉಳಿಸಿ.

ಪೆನ್‌ಡ್ರೈವನ್ನ ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಹಾಕಬೇಡಿ. ಹಿಂದೆ, ಬೋರ್ಡಿಗೇ ಬೆಸೆದಿರೋ ಪೋರ್ಟಿಗೆ ಹಾಕಿ, ಆಮೇಲೆ ಯಂತ್ರ ಆನ್ ಮಾಡಿ. ಈ ಕಾಲದ ಬಯಾಸ್‌ಗಳು ಪೆನ್‌ಡ್ರೈವನ್ನ "ರಿಮೂವಬಲ್" ಸಾಲಲ್ಲಿ ತೋರಿಸದೆ "ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ" ಒಳಗೆ ಅಡಗಿಸಿಡ್ತವೆ. ಅದರೊಳಗೆ ಹೋಗಿ ಪ್ಲಸ್ ಕೀಲಿ ಒತ್ತಿ ಮೇಲೆ ತನ್ನಿ. ಬೂಟ್ ಪಟ್ಟಿಯ ಕೀಲಿ ಗಿಗಾಬೈಟ್ ಬೋರ್ಡಿಗೆ ಎಫ್12, ಏಸಸ್‌ಗೆ ಎಫ್8, ಎಂಎಸ್‌ಐಗೆ ಎಫ್11, ಇಂಟೆಲ್‌ಗೆ ಎಫ್10.

ಈಗ ಯಂತ್ರ ಯಾಕೆ ನಿಲ್ತದೆ ಅನ್ನೋದು, ಇದು ಮುಖ್ಯ. ಲೈವ್ ಓಡುವಾಗ ಇಡೀ ವ್ಯವಸ್ಥೆ ಪೆನ್‌ಡ್ರೈವಿನಲ್ಲಿ ಒತ್ತಿ ಸುತ್ತಿಟ್ಟ ಒಂದೇ ಕಡತ. ನೀವು ಮಾಡೋ ಬದಲಾವಣೆ, ಇಳಿಸಿಕೊಳ್ಳೋ ಕಡತ ಎಲ್ಲ ರ‍್ಯಾಮಿನಲ್ಲೇ ಕೂರ್ತವೆ. ಸ್ವಾಪ್ (ಮೆಮೊರಿ ತುಂಬಿದಾಗ ಬಳಸೋ ಡಿಸ್ಕಿನ ಜಾಗ) ಇಲ್ಲ. ಬ್ರೌಸರ್ ಇನ್ನಷ್ಟು ಜಾಗ ಕೇಳಿದಾಗ ಕರ್ನಲ್‌ಗೆ (ಲಿನಕ್ಸಿನ ತಿರುಳು) ಹೊರಹಾಕೋಕೆ ಸಿಗೋದು ಓಡ್ತಿರೋ ಪ್ರೋಗ್ರಾಮುಗಳ ಕೋಡ್ ಮಾತ್ರ, ಯಾಕಂದ್ರೆ ಅದರ ಪ್ರತಿ ಪೆನ್‌ಡ್ರೈವಿನಲ್ಲಿದೆ. ಮರುಕ್ಷಣವೇ ಅದೇ ಕೋಡ್ ಮತ್ತೆ ಬೇಕಾಗ್ತದೆ, ಮತ್ತೆ ಓದಿ ಬಿಚ್ಚಬೇಕು, ಮತ್ತೆ ಹೊರಹಾಕಬೇಕು. ಆರದೆ ಉರಿಯೋ ದೀಪ ಇದೇ. ಅದಕ್ಕೇ ಲೈವ್‌ನಲ್ಲಿ ನೋಡಬೇಕಾದ್ದು ವೇಗ ಅಲ್ಲ. ನೆಟ್‌ವರ್ಕ್, ಸೌಂಡ್, ಪರದೆಯ ರೆಸಲ್ಯೂಶನ್, ಪ್ರಿಂಟರ್ ಸಿಗ್ತವೋ ಇಲ್ಲವೋ ಅನ್ನೋದು. ಅವು ಸರಿ ಇದ್ರೆ ಡಿಸ್ಕಿಗೆ ಹಾಕಿ.

ಹಾಕೋ ಮೊದಲು ಡಿಸ್ಕಿನ ಆರೋಗ್ಯ ನೋಡ್ಲೇಬೇಕು. ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ ಸ್ಮಾರ್ಟ್‌ಸಿಟಿಎಲ್ ವರದಿ ತೆಗೀರಿ. 5ನೇ ಮತ್ತು 197ನೇ ಸಾಲಿನ ಕೊನೆಯ ಅಂಕಿ ಸೊನ್ನೆ ಇರಬೇಕು. 197ರಲ್ಲಿ ಸೊನ್ನೆಗಿಂತ ಹೆಚ್ಚಿದ್ರೆ ಓದಕ್ಕಾಗದ ಸೆಕ್ಟರ್‌ಗಳಿವೆ ಅಂತ ಅರ್ಥ, ಆ ಡಿಸ್ಕಿನ ಮೇಲೆ ಲೆಕ್ಕಪತ್ರ ಇಡಬೇಡಿ.

ಡಿಸ್ಕ್ ಚೆನ್ನಾಗಿದ್ರೆ ಹಳೇ ಕಡತ ಬೇರೆ ಕಡೆ ನಕಲು ಮಾಡ್ಕೊಂಡು ಹೀಗೆ ಪಾಲು ಮಾಡಿ: ಮೂಲ ವಿಭಾಗ 20 ಜಿಬಿ, ಸ್ವಾಪ್ 2 ಜಿಬಿ, ಉಳಿದಿದ್ದೆಲ್ಲ ಹೋಮ್. ಮೂಲ, ಹೋಮ್ ಎರಡಕ್ಕೂ ಇಎಕ್ಸ್‌ಟಿ4 ಕಡತ ವ್ಯವಸ್ಥೆ. ಮುಂದೆ ಇನ್ನೊಂದು ಡಿಸ್ಟ್ರೋ ಹಾಕಬೇಕು ಅನ್ನಿಸಿದ್ರೂ ಹೋಮ್ ಮುಟ್ಟದೆ ಉಳಿಸ್ಕೋಬಹುದು. ಲೈವ್‌ನಲ್ಲಿ ಪಾಸ್‌ವರ್ಡ್ ಕೇಳಿದ್ರೆ ಬಳಕೆದಾರನಿಗೆ "ಡೆಮೊ", ರೂಟಿಗೆ (ಎಲ್ಲ ಅಧಿಕಾರದ ಖಾತೆ) "ರೂಟ್", ಇಂಗ್ಲಿಷ್ ಸಣ್ಣಕ್ಷರದಲ್ಲಿ.

ಆಗುಂಬೆ_ಮಳೆ:

ಸಾಫ್ಟ್‌ವೇರಿಗೆ ಕೈ ಹಾಕೋ ಮೊದಲು ಕ್ಯಾಬಿನೆಟ್ ಬಿಚ್ಚಿ ಮಾರಾಯ್ರೆ. ನಮ್ಮ ಕಡೆ ಎರಡು ಮಳೆಗಾಲ ಅಟ್ಟದ ಮೇಲೆ ಕೂತ ಯಂತ್ರದಲ್ಲಿ ಮೊದಲು ಕೆಡೋದು ಸಂಪರ್ಕಗಳು. ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನ ಬೆಳಕಿಗೆ ಹಿಡಿದು ನೋಡಿ, ಮಂಜು ಕವಿದ ಹಾಗೆ ಬೂದು ಪೊರೆ ಕಾಣ್ತದೆ. ಪೆನ್ಸಿಲ್ ರಬ್ಬರಿನಿಂದ ಒಂದೇ ದಿಕ್ಕಿಗೆ, ಅಂಚಿನ ಕಡೆಗೆ ನಾಲ್ಕೈದು ಸಲ ಉಜ್ಜಿ, ಪುಡಿ ಊದಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೇಲಿ ಒರೆಸಿ. ಇಂಕಿನ ಗಟ್ಟಿ ರಬ್ಬರ್ ಬೇಡ, ಲೇಪ ಎದ್ದುಬರ್ತದೆ. ಆನ್ ಮಾಡಿದಾಗ ಉದ್ದುದ್ದ ಬೀಪ್ ಬಿಟ್ಟುಬಿಟ್ಟು ಬಂದ್ರೆ ಸಾಮಾನ್ಯವಾಗಿ ರ‍್ಯಾಮ್ ಸರಿಯಾಗಿ ಕೂತಿಲ್ಲ ಅಂತಲೇ.

ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ರೆ ಅಥವಾ ಕಂದು ಅಂಟು ಒಸರಿದ್ರೆ ಆ ಬೋರ್ಡಿನ ಮೇಲೆ ಸಮಯ ಹಾಕಬೇಡಿ. ಪವರ್ ಸಪ್ಲೈ ಒಳಗೆ ಹಲ್ಲಿ, ಇರುವೆ ಗೂಡು ಇದೆಯಾ ಅಂತ ಹಿಂದಿನ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿ. ಅದರ ಡಬ್ಬಿ ಮಾತ್ರ ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ವೋಲ್ಟೇಜ್ ಉಳಿದಿರ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಇಷ್ಟು ವರ್ಷಕ್ಕೆ ಸೀಮೆಸುಣ್ಣ ಆಗಿರ್ತದೆ. ಒರೆಸಿ, ಬಟಾಣಿಗಿಂತ ಸಣ್ಣ ಚುಕ್ಕೆ ಹೊಸದು ಹಾಕಿ.

ಎಲ್ಲ ಆದ ಮೇಲೆ ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್ ಒಂದು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದ್ರೂ ಒಂದೊಂದೇ ರ‍್ಯಾಮ್ ಹಾಕಿ ಯಾವುದು ಅಂತ ಹುಡುಕಿ. ಇನ್‌ಸ್ಟಾಲ್ ನಡುವೆ ಕಡತ ಕೆಟ್ಟಿದೆ ಅಂತ ಬರೋ ಎಷ್ಟೋ ದೂರುಗಳ ಮೂಲ ಇಲ್ಲೇ ಇರ್ತದೆ. ಇನ್ನೊಂದು ಮೂಲ ಅರ್ಧಂಬರ್ಧ ಇಳಿದ ಐಎಸ್‌ಒ (ಲಿನಕ್ಸಿನ ಇನ್‌ಸ್ಟಾಲ್ ಕಡತ). ಸಿಗ್ನಲ್ ಬಂದು ಹೋಗೋ ಕಡೆ ಟೊರೆಂಟ್‌ನಲ್ಲಿ ಇಳಿಸಿ, ನಿಂತಲ್ಲಿಂದ ಮುಂದುವರೀತದೆ. ಆಮೇಲೆ ಶಾ256 ಮೊತ್ತ (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ.

ಗುಡುಗು ಶುರುವಾದ್ರೆ ಪ್ಲಗ್ ಜೊತೆ ನೆಟ್‌ವರ್ಕ್ ಕೇಬಲನ್ನೂ ಕೀಳಿ. ಸಿಡಿಲು ಆ ದಾರೀಲೂ ಬರ್ತದೆ.

ಅಕ್ಷರ_ಸಾಗರ:

ಕನ್ನಡದ ಭಾಗ. ಆಂಟಿಎಕ್ಸ್ 23ರ ಬುಡ ಡೆಬಿಯನ್ 12 ಅನ್ನೋ ಲಿನಕ್ಸ್, ಆದ್ದರಿಂದ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿದ್ರೆ ಗುಬ್ಬಿ, ನವಿಲು ಫಾಂಟುಗಳು ಬರ್ತವೆ. ಟೈಪಿಂಗಿಗೆ ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿ, ಇಮ್-ಕಾನ್ಫಿಗ್ ಓಡಿಸಿ ಐಬಸ್ ಆರಿಸಿ. ಐಬಸ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಒಂದಿದೆ, ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ನುಡಿಯಲ್ಲಿ ಕೈ ಕೂತವರಿಗೆ ಅದೇ ಬೇಕು. ಅದರಲ್ಲಿ ಒತ್ತಿಗೆ ಎಫ್ ಕೀಲಿ: "ಅಕ್ಕಿ" ಬರೆಯೋಕೆ ಎ, ಕೆ, ಎಫ್, ಕೆ, ಐ. ಐಟ್ರಾನ್ಸ್ ಆರಿಸಿದ್ರೆ ಎಫ್ ಇಲ್ಲದೆ ಕೆ ಎರಡು ಸಲ. ಎರಡನ್ನೂ ಹಾಕಿಟ್ಟುಕೊಂಡ್ರೆ ಯಾವ ಕೀಲಿಗೆ ಯಾವುದು ಅಂತ ಕೈ ತಪ್ತದೆ, ಒಂದೇ ಇಟ್ಕೊಳ್ಳಿ.

ಇಲ್ಲಿ ಎಡವೋದು ಎಲ್ಲಿ ಅಂದ್ರೆ, ಐಸ್‌ಡಬ್ಲ್ಯುಎಂನಲ್ಲಿ (ಆಂಟಿಎಕ್ಸ್‌ನ ಡೆಸ್ಕ್‌ಟಾಪ್ ಪರದೆ) ಲಾಗಿನ್ ಆದಾಗ ಐಬಸ್ ತಾನಾಗಿ ಏಳದೇ ಇರಬಹುದು. ಹೋಮ್ ಒಳಗೆ ಚುಕ್ಕಿಯಿಂದ ಶುರುವಾಗೋ ಡೆಸ್ಕ್‌ಟಾಪ್-ಸೆಷನ್ ಅನ್ನೋ ಮರೆ ಫೋಲ್ಡರ್ ಇದೆ, ಅದರಲ್ಲಿ ಸ್ಟಾರ್ಟಪ್ ಕಡತ. ಅಲ್ಲಿ ಐಬಸ್-ಡೀಮನ್ ಸಾಲು ಸೇರಿಸಿ, ಹೈಫನ್ ಜೊತೆ ಡಿ, ಆರ್, ಎಕ್ಸ್ ಕೊಡಿ, ಸಾಲಿನ ಕೊನೆಗೆ & ಚಿಹ್ನೆ ಇರಲಿ.

ಟರ್ಮಿನಲ್‌ನಲ್ಲಿ "ಅಕ್ಕಿ" ಅನ್ನೋದು "ಅಕ್‌ಕಿ" ಆಗಿ ಕಾಣೋದು ಫಾಂಟಿನ ತಪ್ಪಲ್ಲ. ಹಗುರ ಟರ್ಮಿನಲ್‌ಗಳು ಪ್ರತಿ ಅಕ್ಷರಕ್ಕೂ ಒಂದು ಚೌಕ ಕೊಟ್ಟು ಕೂರಿಸ್ತವೆ, ಒತ್ತನ್ನ ಮೇಲಿನಕ್ಷರದ ಕೆಳಗೆ ಜೋಡಿಸೋ ಕೆಲಸವನ್ನೇ ಮಾಡಲ್ಲ. ಅದೇ ಪಠ್ಯ ಲಿಬ್ರೆಆಫೀಸ್‌ನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಸರಿಯಾಗಿ ಬರ್ತದೆ. ಕಡತದ ಹೆಸರುಗಳನ್ನ ಕನ್ನಡದಲ್ಲೇ ಇಡಿ, ಹೆದರಬೇಡಿ.

ಹಳೇ ನುಡಿಯ ಯೂನಿಕೋಡ್ ಅಲ್ಲದ ಕಡತಗಳಿದ್ರೆ ಅವು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೀತವೆ. ಹಳೇ ನುಡಿ ಫಾಂಟ್ ಕಡತವನ್ನ ಹೋಮ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿದ್ರೆ ಓದಕ್ಕೆ ಬರ್ತದೆ. ಹುಡುಕೋಕೆ, ವಿಂಗಡಿಸೋಕೆ ಮಾತ್ರ ಬರಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬೇರೆಬೇರೆ ಮೊತ್ತ ತೆಗೀಬೇಕಾದ ಶೀಟುಗಳನ್ನ ಒಂದೇ ಸಲ ಯೂನಿಕೋಡಿಗೆ ಪರಿವರ್ತಿಸಿಬಿಡಿ.

ಬೆಟ್ಟದ_ಬದಿ:

ಕರೆಂಟ್ ಹೋಗೋ ಕಡೆ ಪಪ್ಪಿ ಯಾಕಾಗಬಾರದು? ವ್ಯವಸ್ಥೆ ಪೂರ್ತಿ ರ‍್ಯಾಮಿಗೆ ಏರ್ತದೆ, ಮೂಲ ಕಡತಕ್ಕೆ ಯಾರೂ ಬರೆಯಲ್ಲ. ಹತ್ತು ಸಲ ಕರೆಂಟ್ ಹೋದ್ರೂ ಮೂಲ ವ್ಯವಸ್ಥೆ ಹಾಗೇ ಇರ್ತದೆ.

ತುಂಗಾತೀರ:

ವ್ಯವಸ್ಥೆ ಉಳೀತದೆ, ಒಪ್ಪಿದೆ. ಕೆಲಸ ಉಳಿಯಲ್ಲ. ಪಪ್ಪಿಯನ್ನ ಪೆನ್‌ಡ್ರೈವಿನಿಂದ ಓಡಿಸಿದಾಗ ಬದಲಾವಣೆ ರ‍್ಯಾಮಿನಲ್ಲೇ ಇದ್ದು, ಆಗಾಗ ಅಥವಾ ಮುಚ್ಚುವಾಗ ಉಳಿಕೆ ಕಡತಕ್ಕೆ ಇಳೀತದೆ. ನಡುವೆ ಕರೆಂಟ್ ಹೋದ್ರೆ ಅಲ್ಲೀವರೆಗಿನ ಲೆಕ್ಕ ಹೋಯ್ತು. ಇಳೀತಿರೋ ಹೊತ್ತಲ್ಲೇ ಹೋದ್ರೆ ಉಳಿಕೆ ಕಡತವೇ ಕೆಡಬಹುದು. ಇಎಕ್ಸ್‌ಟಿ4ನಲ್ಲಿ ಜರ್ನಲ್ (ಬದಲಾವಣೆಗಳ ದಿನಚರಿ) ಇದೆ, ನಿಂತಲ್ಲಿಂದ ಎದ್ದು ಬೂಟ್ ಆಗುವಾಗಲೇ ಸರಿಮಾಡ್ಕೊಳ್ತದೆ. ಅಪರೂಪಕ್ಕೆ ಎಫ್‌ಎಸ್‌ಸಿಕೆ (ಡಿಸ್ಕ್ ವಿಭಾಗದ ತಪಾಸಣೆ) ಕೈಯಾರೆ ಓಡಿಸಿ ಅಂತ ನಿಂತ್ರೆ ಲೈವ್ ಪೆನ್‌ಡ್ರೈವಿನಿಂದ ಬಂದು ಆ ವಿಭಾಗವನ್ನ ಮೌಂಟ್ ಮಾಡದೆ ಓಡಿಸಿದ್ರಾಯ್ತು. ಲಿಬ್ರೆಆಫೀಸ್‌ನಲ್ಲಿ ತಾನಾಗಿ ಉಳಿಸೋ ಅವಧಿ 2 ನಿಮಿಷಕ್ಕೆ ಇಳಿಸಿ. ಪಪ್ಪಿಯಲ್ಲಿ ಮಾಮೂಲಿ ಬಳಕೆದಾರನೇ ರೂಟ್, ಮಕ್ಕಳು ಕೂರೋ ಯಂತ್ರಕ್ಕೆ ಅದೂ ಬೇಡ. ಸಣ್ಣ ಯುಪಿಎಸ್ ತಗೊಳ್ಳೋದು ಎಲ್ಲಕ್ಕಿಂತ ಒಳ್ಳೇದು, ಐದು ನಿಮಿಷ ಸಿಕ್ಕರೆ ಮುಚ್ಚೋಕೆ ಸಾಕು.

ಕೊಡಚಾದ್ರಿ_ತಪ್ಪಲು:

ಬ್ಯಾಟರಿ ಬದಲಾಯ್ತು, ರ‍್ಯಾಮ್ ಉಜ್ಜಿದ್ದಾಯ್ತು, ಮೆಮ್‌ಟೆಸ್ಟ್ ತಪ್ಪಿಲ್ಲ, ಡಿಸ್ಕಿನ 5 ಮತ್ತು 197 ಎರಡೂ ಸೊನ್ನೆ. ಆಪ್ಟ್ ಸರಿ ಓಡ್ತದೆ, ಕೆಜಿಪಿ ಕೂತಿದೆ. ಆದ್ರೆ ಇನ್‌ಸ್ಟಾಲ್ ಆದ ಮೇಲೆ ಪೆನ್‌ಡ್ರೈವ್ ಹಾಕಿದ್ರೆ ಮಾತ್ರ ಆಂಟಿಎಕ್ಸ್ ಏಳ್ತದೆ, ತೆಗೆದ್ರೆ ಕಪ್ಪು ಪರದೆ. ವೆಂಟಾಯ್ ಮೆನು ಕೂಡ ಮಾಯ. ನಾಲ್ಕೈದು ಟ್ಯಾಬಿಗೆ ಯಂತ್ರ ಸತ್ತುಹೋಗಲ್ಲ, ಬಹಳ ನಿಧಾನ ಅಷ್ಟೆ.

ತುಂಗಾತೀರ:

ಗ್ರಬ್ (ವ್ಯವಸ್ಥೆಯನ್ನ ಏಳಿಸೋ ಪ್ರೋಗ್ರಾಮು) ಹಾರ್ಡ್‌ಡಿಸ್ಕಿನ ಬದಲು ಪೆನ್‌ಡ್ರೈವಿನ ತಲೆಗೆ ಕೂತಿದೆ, ಅದಕ್ಕೇ ವೆಂಟಾಯ್ ಅಳಿಸಿಹೋಯ್ತು. ಪೆನ್‌ಡ್ರೈವ್ ಹಾಕಿಯೇ ಆಂಟಿಎಕ್ಸ್ ಏಳಿಸಿ, ಟರ್ಮಿನಲ್‌ನಲ್ಲಿ ಡಿಸ್ಕುಗಳ ಪಟ್ಟಿ ತೋರಿಸೋ ಎಲ್‌ಎಸ್‌ಬಿಎಲ್‌ಕೆ ಕೊಡಿ. 160 ಜಿಬಿ ಡಿಸ್ಕ್ ಅಲ್ಲಿ ಸುಮಾರು 149 ಅಂತ ಕಾಣ್ತದೆ, ಅದರ ಹೆಸರು ಎಸ್‌ಡಿಎನೋ ಎಸ್‌ಡಿಬಿನೋ ಬರ್ಕೊಳ್ಳಿ. ಈಗ ಪೆನ್‌ಡ್ರೈವ್ ತೆಗೆದುಬಿಡಿ, ಎದ್ದ ವ್ಯವಸ್ಥೆಗೆ ಅದು ಬೇಕಿಲ್ಲ. ಆ ಡಿಸ್ಕಿನ ಹೆಸರಿಗೆ ಗ್ರಬ್-ಇನ್‌ಸ್ಟಾಲ್ ಕೊಡಿ, ವಿಭಾಗದ ಸಂಖ್ಯೆ ಸೇರಿಸಬೇಡಿ. ಆಮೇಲೆ ಅಪ್‌ಡೇಟ್-ಗ್ರಬ್. ಬಯಾಸ್‌ನ ಡಿಸ್ಕ್ ಪಟ್ಟಿಯಲ್ಲಿ ಹಾರ್ಡ್‌ಡಿಸ್ಕನ್ನ ಮತ್ತೆ ಮೇಲೆ ತನ್ನಿ. ಪೆನ್‌ಡ್ರೈವಿನಲ್ಲಿರೋ ಐಎಸ್‌ಒ ನಕಲು ಮಾಡ್ಕೊಂಡು ವೆಂಟಾಯ್ ಹೊಸದಾಗಿ ಹಾಕಿ.

ಯಂತ್ರ ನಿಧಾನ ಅನ್ನೋದಕ್ಕೆ ಝಡ್‌ರ‍್ಯಾಮ್ ಹಾಕಿ. ರ‍್ಯಾಮಿನ ಒಂದು ಪಾಲನ್ನ ಒತ್ತಿಟ್ಟ ಸ್ವಾಪ್ ಮಾಡ್ಕೊಳ್ಳೋ ವಿಧಾನ ಇದು, ತಿರುಗೋ ಡಿಸ್ಕಿಗಿಂತ ಎಷ್ಟೋ ಪಾಲು ಬೇಗ. ಆರ್‌ಸಿ ಡಾಟ್ ಲೋಕಲ್ ಕಡತದಲ್ಲಿ ಎಕ್ಸಿಟ್ ಸಾಲಿನ ಮೇಲೆ ನಾಲ್ಕು ಹೆಜ್ಜೆ ಬರೀಬೇಕು: ಮಾಡ್‌ಪ್ರೋಬ್‌ನಿಂದ ಝಡ್‌ರ‍್ಯಾಮ್ ಏರಿಸೋದು, ಝಡ್‌ರ‍್ಯಾಮ್‌ಸಿಟಿಎಲ್‌ನಿಂದ 1 ಜಿಬಿ ಗಾತ್ರ ಮತ್ತು ಎಲ್‌ಝಡ್4 ಆರಿಸೋದು, ಎಂಕೆಸ್ವಾಪ್, ಕೊನೆಗೆ ಸ್ವಾಪ್‌ಆನ್ ಜೊತೆ ಆದ್ಯತೆ 100. ಆದ್ಯತೆ ಕೊಡದಿದ್ರೆ ಕರ್ನಲ್ ಡಿಸ್ಕಿನ ಸ್ವಾಪನ್ನೇ ಮೊದಲು ತುಂಬೋ ಸಂಭವ ಇದೆ.

ಫೈರ್‌ಫಾಕ್ಸಿಗೆ ಯುಬ್ಲಾಕ್ ಆರಿಜಿನ್ ಹಾಕಿ, ಜಾಹೀರಾತು ನಿಂತ್ರೇ ಅರ್ಧ ಭಾರ ಇಳಿದ ಹಾಗೆ. ವಿಳಾಸದ ಜಾಗದಲ್ಲಿ ಅಬೌಟ್:ಅನ್‌ಲೋಡ್ಸ್ ಕೊಟ್ರೆ ಸುಮ್ಮನೆ ಕೂತ ಟ್ಯಾಬುಗಳನ್ನ ರ‍್ಯಾಮಿನಿಂದ ಇಳಿಸೋ ಗುಂಡಿ ಇದೆ. ವಿಡಿಯೊ 360 ಅಥವಾ 480ರಲ್ಲೇ ನೋಡಿ. ಈ ಬೋರ್ಡಿನ ಗ್ರಾಫಿಕ್ಸಿಗೆ ವಿಪಿ9, ಎವಿ1 ವಿಡಿಯೊ ಬಿಚ್ಚೋ ಶಕ್ತಿ ಇಲ್ಲ, ಎಲ್ಲ ಭಾರ ಪ್ರೊಸೆಸರಿಗೆ ಬೀಳ್ತದೆ.

ದುಡ್ಡು ಹಾಕೋದಾದ್ರೆ ಮೊದಲು ರ‍್ಯಾಮ್. ಜಿ31 ಒಟ್ಟು 4 ಜಿಬಿವರೆಗೆ ತಗೊಳ್ತದೆ, 2 ಜಿಬಿಯ ಎರಡು ಡಿಡಿಆರ್2 800 ಸಾಕು. ಶಿವಮೊಗ್ಗದಲ್ಲಿ ಹಳೇ ಬಿಡಿಭಾಗ ಮಾರೋರ ಹತ್ರ ಕೇಳುವಾಗ "ಇಂಟೆಲ್ ಬೋರ್ಡಿಗೆ" ಅಂತ ಬಾಯಿಬಿಟ್ಟು ಹೇಳಿ. ಅಗ್ಗಕ್ಕೆ ಸಿಗೋ ಕೆಲವು ಡಿಡಿಆರ್2 ಎಎಂಡಿ ಬೋರ್ಡಿಗೆ ಮಾತ್ರ ಹೊಂದ್ತವೆ, ನಿಮ್ಮದರಲ್ಲಿ ಏಳೋದೇ ಇಲ್ಲ. ಆಮೇಲೆ 120 ಜಿಬಿ ಎಸ್‌ಎಸ್‌ಡಿ. ಈ ಬೋರ್ಡಿನಲ್ಲಿ ಎಎಚ್‌ಸಿಐ (ಸಾಟಾದ ಹೊಸ ರೀತಿ) ಸಿಗಲ್ಲ, ಹಳೇ ಐಡಿಇ ರೀತಿಯಲ್ಲೇ ಓಡ್ತದೆ, ಆದ್ರೂ ಬೂಟ್ ಮತ್ತು ಬ್ರೌಸರ್ ತೆರೆಯೋ ಹೊತ್ತಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣ್ತದೆ.

ನೆಟ್‌ಬುಕ್_ಹೊಸನಗರ:

ಇದೇ ಎಳೆಯಲ್ಲಿ ಒಂದು ಪ್ರಶ್ನೆ. ಆಟಮ್ ಎನ್270 ನೆಟ್‌ಬುಕ್, 1 ಜಿಬಿ ರ‍್ಯಾಮ್. ಇದಕ್ಕೂ ಇದೇ ಐಎಸ್‌ಒ ಆಗ್ತದಾ?

ತುಂಗಾತೀರ:

ಆಗಲ್ಲ. ಎನ್270 ಬರೀ 32 ಬಿಟ್, ನೀವು ಆಂಟಿಎಕ್ಸ್ 23ರ 32 ಬಿಟ್ ಐಎಸ್‌ಒ ತಗೋಬೇಕು. ಎನ್450 ಇದ್ದಿದ್ರೆ 64 ಬಿಟ್ ಓಡ್ತಿತ್ತು. ಲುಬುಂಟು 19.04ರಿಂದಲೇ 32 ಬಿಟ್ ಬಿಟ್ಟಿದೆ, ಡೆಬಿಯನ್ 13ರಲ್ಲಿ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಕ್ರೋಮ್ ಅಂತೂ 32 ಬಿಟ್ ಲಿನಕ್ಸಿಗೆ 2016ರಲ್ಲೇ ನಿಂತಿದೆ. ಆ ಯಂತ್ರವನ್ನ ಟೈಪಿಂಗಿಗೆ, ಲೆಕ್ಕಕ್ಕೆ, ಪಿಡಿಎಫ್ ಓದೋಕೆ ಇಟ್ಕೊಳ್ಳಿ. ಪಹಣಿ, ಬ್ಯಾಂಕ್ ಕೆಲಸ ಅದರಲ್ಲಿ ಬೇಡ. ಡಿಲ್ಲೋ ಥರದ ಹಗುರ ಬ್ರೌಸರ್ ಬೇಗ ತೆರೀತದೆ ನಿಜ, ಆದ್ರೆ ಜಾವಾಸ್ಕ್ರಿಪ್ಟ್ ಓಡಿಸಲ್ಲ, ಅಂಥ ಪುಟಗಳಲ್ಲಿ ಗುಂಡಿ ಒತ್ತಿದ್ರೆ ಏನೂ ಆಗಲ್ಲ.

ಕೊಡಚಾದ್ರಿ_ತಪ್ಪಲು:

ಡಿಸ್ಕ್ ಎಸ್‌ಡಿಬಿ ಆಗಿತ್ತು. ಗ್ರಬ್ ಅಲ್ಲಿಗೆ ಹಾಕಿದ ಮೇಲೆ ಪೆನ್‌ಡ್ರೈವ್ ಇಲ್ಲದೆ ಏಳ್ತಿದೆ. ಝಡ್‌ರ‍್ಯಾಮ್ ಸಾಲುಗಳೂ ಸೇರಿದ್ವು, ಸ್ವಾಪ್‌ಆನ್ ಪಟ್ಟಿಯಲ್ಲಿ ಆದ್ಯತೆ 100 ತೋರಿಸ್ತದೆ. ರ‍್ಯಾಮ್ ಕೇಳೋಕೆ ಶನಿವಾರ ಶಿವಮೊಗ್ಗಕ್ಕೆ.