ಅಮ್ಮನಿಗೆ ಕಾಯಿಲೆಯ ಹೆಸರು ಹೇಳಬೇಕಾ, ಬೇಡ್ವಾ? – ಓದುಗರ ಸ್ಪಂದನ

ಹಿಂದಿನ ಸಂಚಿಕೆಯ ಸಮಸ್ಯೆ: ದಾವಣಗೆರೆಯ ಓದುಗರೊಬ್ಬರ ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ ಕಿಮೋ ಶುರುವಾಗಿದೆ. ಅಮ್ಮನಿಗೆ ಮಾತ್ರ ‘ಗಡ್ಡೆ ತೆಗೆದಿದ್ದಾರೆ, ಗಾಯ ಮಾಯಲು ಡ್ರಿಪ್ ಹಾಕ್ತಾರೆ’ ಅಂತ ಹೇಳಿದ್ದಾರೆ. ನಿಜ ಹೇಳಿದರೆ ಕುಸಿದುಬಿಡುತ್ತಾರೆ ಅಂತ ಅಣ್ಣನ ಹಠ. ನೋಡಲು ಬರುವ ನೆಂಟರು, ಆಸ್ಪತ್ರೆ ಓಡಾಟ, ಮನೆಗೆಲಸ ಎಲ್ಲ ಸೇರಿ ಮಗಳು ಸೋತಿದ್ದಾರೆ.

*

ತಂಗಿ, ಮೊದಲು ಇದನ್ನೇ ಹೇಳಿಬಿಡುತ್ತೇನೆ. ಅಮ್ಮನಿಗೆ ಹೇಳಿ. ಮುಚ್ಚಿಡಬೇಡಿ.

ಎದೆಗೆ ಆಪರೇಷನ್ ಆಗಿದೆ. ಕಿಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರುವುದು ಶುರುವಾಗುತ್ತದೆ. ಆಸ್ಪತ್ರೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ, ಪಕ್ಕದ ಬೆಡ್‌ನವರು ‘ನಿಮಗೆ ಎಷ್ಟನೇ ಕಿಮೋ’ ಅಂತ ಕೇಳೇ ಕೇಳುತ್ತಾರೆ. ಇಷ್ಟಾದಮೇಲೂ ಅವರಿಗೆ ಗೊತ್ತಾಗಲ್ಲ ಅಂತೀರಾ? ಗೊತ್ತಿರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆ ಅಂತ ಬಾಯಿ ಬಿಡುವುದಿಲ್ಲ ಅಷ್ಟೇ.

ನಮ್ಮ ದೊಡ್ಡಮ್ಮನ ಮನೆಯಲ್ಲಿ ಹೀಗೇ ಮಾಡಿದ್ದರು. ಅಡುಗೆಮನೆಯಲ್ಲಿ ಪಿಸುಪಿಸು ಮಾತು, ದೊಡ್ಡಮ್ಮ ಹತ್ತಿರ ಬಂದರೆ ಟಿವಿ ಸೌಂಡ್ ಜೋರು. ಒಂದಿನ ಅವರೇ ಬೀರುವಿನ ಕೀ ತಂದು ಸೊಸೆ ಕೈಗಿಟ್ಟು, ‘ಬಂಗಾರ ಯಾರ್‍ಯಾರಿಗೆ ಅಂತ ಚೀಟಿ ಬರೆದಿಟ್ಟೀನಿ’ ಅಂದರಂತೆ. ಡಾಕ್ಟರು ಬೇಗ ಸಿಕ್ಕಿದೆ, ಗುಣ ಆಗುತ್ತೆ ಅಂದಿದ್ದರು. ಆದರೆ ಕಾಯಿಲೆಯನ್ನೇ ಹೇಳದವರು ಅದನ್ನ ಹೇಗೆ ಹೇಳ್ತಾರೆ? ಪಾಪ, ಅವರು ಒಬ್ಬರೇ ಕೂತು ಸಾಯುವುದಕ್ಕೆ ತಯಾರಾಗುತ್ತಿದ್ದರು.

ಒಂದೇ ಸಲ ಎಲ್ಲ ಹೇಳಬೇಕು ಅಂತಿಲ್ಲ. ‘ಅಮ್ಮಾ, ನಿನಗೆ ಏನಾಗಿದೆ ಅಂತ ಅನ್ಸುತ್ತೆ?’ ಅಂತ ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅವರು ಎಷ್ಟು ಕೇಳುತ್ತಾರೋ ಅಷ್ಟು ಹೇಳಿ. ಆಗಲ್ಲ ಅನ್ನಿಸಿದರೆ ಡಾಕ್ಟರ ಹತ್ತಿರವೇ ಹೇಳಿಸಿ, ಆದರೆ ನೀವೂ ನಿಮ್ಮಣ್ಣನೂ ಆ ರೂಮಲ್ಲಿ ಇರಲೇಬೇಕು. ಅಣ್ಣನಿಗೂ ಭಯ ಇದೆ. ಹಠ ಅಂತ ನಿಮಗೆ ಕಾಣುತ್ತಿರುವುದು ಅದೇ ಇರಬಹುದು, ಅವರ ಜೊತೆ ಜಗಳಕ್ಕೆ ಹೋಗಬೇಡಿ.

ಇನ್ನು ನೆಂಟರು. ಮಂಚದ ಪಕ್ಕ ಕೂತು ‘ನಮ್ಮ ಓಣಿಯಲ್ಲೂ ಒಬ್ಬರಿಗೆ ಹಿಂಗೇ ಆಗಿತ್ತು, ಆರೇ ತಿಂಗಳು’ ಅನ್ನುವವರನ್ನು ಹೊಸಿಲಲ್ಲೇ ನಿಲ್ಲಿಸಿ. ಕೆಮ್ಮು ನೆಗಡಿ ಇದ್ದವರನ್ನಂತೂ ಒಳಗೆ ಬಿಡಲೇಬೇಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ‘ಏನಾದ್ರೂ ಬೇಕಿದ್ರೆ ಹೇಳಮ್ಮ’ ಅಂತಾರಲ್ಲ, ಅವರಿಗೆ ತಕ್ಷಣ ಒಂದು ಕೆಲಸ ಹೇಳಿ. ಒಬ್ಬರು ಸಂಜೆ ರೊಟ್ಟಿ ತಂದುಕೊಡಲಿ, ಒಬ್ಬರು ಮಾತ್ರೆ ತರಲಿ, ಇನ್ನೊಬ್ಬರು ಮಧ್ಯಾಹ್ನ ಅಮ್ಮನ ಹತ್ತಿರ ಕೂರಲಿ, ಆಗ ನೀವು ಮಲಗಿ. ಪ್ರೀತಿಯಿಂದ ಮಿರ್ಚಿ ಮಂಡಕ್ಕಿ ತರುವವರೂ ಇರುತ್ತಾರೆ ನಮ್ಮೂರಲ್ಲಿ. ಕಿಮೋದಿಂದ ಬಾಯಿ ಹುಣ್ಣಾಗಿದ್ದಾಗ ಒಂದು ಚೂರು ಖಾರ ತಾಗಿದರೂ ಕಣ್ಣಲ್ಲಿ ನೀರು ಬರುತ್ತೆ. ಮೆತ್ತಗಿನ ಅನ್ನ, ಬೇಳೆ ಕಟ್ಟು, ರಾಗಿ ಗಂಜಿ ಸ್ವಲ್ಪ ಸ್ವಲ್ಪವೇ ಐದಾರು ಸಲ ಕೊಡಿ.
– ಓದುಗರು, ವಿನೋಬನಗರ, ದಾವಣಗೆರೆ

*

ನಾನು ನಿವೃತ್ತ ನರ್ಸ್. ಮೇಡಂ, ಮನೆಯಲ್ಲಿ ಥರ್ಮಾಮೀಟರ್ ಇದೆಯಾ? ಇಲ್ಲದಿದ್ದರೆ ಇವತ್ತೇ ತನ್ನಿ. ಕಿಮೋ ಆದ ಒಂದರಿಂದ ಎರಡು ವಾರದ ನಡುವೆ ಸಾಮಾನ್ಯವಾಗಿ ಬಿಳಿ ರಕ್ತಕಣ ತುಂಬಾ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಾತ್ರೆ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ. ರಾತ್ರಿ ಎಷ್ಟೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ, ಕಿಮೋ ನಡೀತಿದೆ ಅಂತ ಬಾಗಿಲಲ್ಲೇ ಹೇಳಿ. ಕಂಕುಳ ಗಂಟು ತೆಗೆದಿದ್ದರೆ ಆ ಕಡೆ ಕೈಯಲ್ಲಿ ಬಿಪಿ ನೋಡುವುದು, ಸೂಜಿ ಚುಚ್ಚುವುದು ಬೇಡ ಅಂತಲೂ ನೆನಪಿಸಿ.

ಹಣದ ವಿಷಯ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ 30 ಬರುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ. ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ, ಜೆರಾಕ್ಸ್ ಜಾಸ್ತಿ ಮಾಡಿಸಿಟ್ಟುಕೊಳ್ಳಿ. ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕಾಗಿ ಬಂದರೆ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿಗೆ ರೋಗಿಗೆ ಪೂರ್ತಿ ರಿಯಾಯಿತಿ, ಜೊತೆಗಿರುವವರಿಗೆ ಮುಕ್ಕಾಲು ಭಾಗ. ರೈಲ್ವೆ ಫಾರಂನಲ್ಲಿ ಡಾಕ್ಟರ ಸಹಿ ಬೇಕು. 2025ರಲ್ಲಿ ಸರ್ಕಾರ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ (ಕಿಮೋ ಕೊಟ್ಟು ಅವತ್ತೇ ಮನೆಗೆ ಕಳಿಸುವುದು) ಶುರು ಮಾಡಿದೆ. ಮುಂದಿನ ಡೋಸ್ ಊರಲ್ಲೇ ತಗೋಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ.
– ಓದುಗರು, ಚಿತ್ರದುರ್ಗ

*

ಮಗಳೇ, ನಿಮ್ಮಮ್ಮ ಈಗ ಎಲ್ಲಿದ್ದಾರೋ ನಾನು ಅಲ್ಲಿಂದಲೇ ಬಂದವಳು. ‘ಧೈರ್ಯವಾಗಿರು, ಅಳಬೇಡ’ ಅನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ನೆಮ್ಮದಿಯಾಗಿ ಅಳಲು ಬಿಟ್ಟವಳು ನನ್ನ ಸೊಸೆ ಒಬ್ಬಳೇ. ಮನೆಯವರು ಒಂದು ಲೋಟ ಎತ್ತಲೂ ಬಿಡುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಅವಳು ಮಾತ್ರ ಮೆಂತ್ಯ ಸೊಪ್ಪು ತಂದು ನನ್ನ ಮುಂದೆ ಇಟ್ಟು, ‘ಅತ್ತೆ, ಬಿಡಿಸಿಕೊಡಿ, ಪಲ್ಯ ಮಾಡ್ಲಾ ಸಾರು ಮಾಡ್ಲಾ?’ ಅಂತಿದ್ದಳು. ಯಜಮಾನಿಕೆ ವಾಪಸ್ ಬಂದ ಹಾಗಾಗುತ್ತಿತ್ತು. ಅಮ್ಮನನ್ನೂ ಕೇಳಿ, ಇವತ್ತು ಏನು ಮಾಡಲಿ, ಯಾರು ಬರಲಿ, ಯಾರು ಬೇಡ ಅಂತ.

ನಿಮ್ಮದೂ ಒಂದು ತಪಾಸಣೆ ಆಗಲಿ. ತಾಯಿಗೆ ಈ ಕಾಯಿಲೆ ಬಂದಿದ್ದರೆ ಮಗಳು ಯಾವ ವಯಸ್ಸಿನಿಂದ ಪರೀಕ್ಷೆ ಮಾಡಿಸಬೇಕು ಅಂತ ಡಾಕ್ಟರನ್ನೇ ಕೇಳಿ, ಮುಂದಕ್ಕೆ ಹಾಕಬೇಡಿ. ಕಿಮೋ ಮುಗಿದರೂ ಸುಸ್ತು ತಿಂಗಳುಗಟ್ಟಲೆ ಇರುತ್ತದೆ, ಆಗ ನೆಂಟರೆಲ್ಲ ಬರುವುದು ನಿಂತಿರುತ್ತದೆ.

ನಿಮ್ಮಮ್ಮನಿಗೆ ವಿಷಯ ಹೇಳಿದ ಮೇಲೆ, ಅವರಿಗೆ ಮಾತಾಡಬೇಕು ಅನ್ನಿಸಿದರೆ, ನನ್ನ ನಂಬರ್ ಸಂಪಾದಕರ ಹತ್ತಿರ ಇದೆ. ಸಂಜೆ ಹೊತ್ತು ಮಾಡಲಿ, ಬಿಡುವಾಗಿರುತ್ತೇನೆ.
– ಓದುಗರು, ಹೊಳಲ್ಕೆರೆ