ನವೋದಯ 6ನೇ ತರಗತಿ: ಊರು ಬಿಟ್ಟು ಹೋಗಿ ಬಂದ ಮಗುವಿಗೆ ಗ್ರಾಮೀಣ ಸೀಟು ಸಿಗುತ್ತದೆಯೇ?

ಪ್ರಶ್ನೆ: ಯಾದಗಿರಿ ಕಡೆಯ ಹಳ್ಳಿ ಶಾಲೆಯಲ್ಲಿ 5ನೇ ತರಗತಿ ಓದುತ್ತಿರುವ ಹುಡುಗಿ, ಪರಿಶಿಷ್ಟ ಜಾತಿ. ಅಪ್ಪ-ಅಮ್ಮ ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದಾಗ 3ನೇ ತರಗತಿಯ ಕೆಲವು ತಿಂಗಳು ಅಲ್ಲಿನ ಶಾಲೆಯಲ್ಲಿದ್ದಳು. ಅರ್ಜಿಯಲ್ಲಿ ಗ್ರಾಮೀಣ ಎಂದು ತುಂಬಬಹುದೇ? ತಯಾರಿ ಎಲ್ಲಿಂದ ಶುರು ಮಾಡಿಸಲಿ?

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ): ಮೊದಲು ಮುಖ್ಯ ಶಿಕ್ಷಕರಿಂದ ಎಸ್‌ಎಟಿಎಸ್ ದಾಖಲೆ, ಅಂದರೆ ಮಗು ಯಾವ ವರ್ಷ ಯಾವ ಶಾಲೆಯಲ್ಲಿತ್ತು ಎಂಬ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆ, ತೆಗೆಸಿ ನೋಡಿ ಮೇಡಂ. ನವೋದಯ ಕೇಂದ್ರ ಸರ್ಕಾರದ ವಸತಿ ಶಾಲೆ, ಅದರಲ್ಲಿ ಕನಿಷ್ಠ ಶೇ. 75 ಸೀಟು ಗ್ರಾಮೀಣ ಮಕ್ಕಳಿಗೆ. ಆದರೆ 3, 4, 5ನೇ ತರಗತಿ ಮೂರೂ ಪೂರ್ತಿ ಹಳ್ಳಿ ಶಾಲೆಯಲ್ಲೇ ಆಗಿರಬೇಕು. ನಡುವೆ ಒಂದೇ ಒಂದು ದಿನ ನಗರದ ಶಾಲೆಯಲ್ಲಿದ್ದರೂ ಮಗು ನಗರದ ಲೆಕ್ಕಕ್ಕೆ ಹೋಗುತ್ತದೆ. ದುಡಿಯಲು ಊರು ಬಿಡುವವರ ಮಕ್ಕಳಿಗೇ ಈ ನಿಯಮ ಹೆಚ್ಚು ಪೆಟ್ಟು ಕೊಡುತ್ತದೆ. ಇದು ಬದಲಾಗಲೇಬೇಕು.

ಹಾಗಂತ ಬೆಂಗಳೂರಿನ ಸುತ್ತ ಇರುವುದೆಲ್ಲ ನಗರವಲ್ಲ. ಆ ಶಾಲೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಗ್ರಾಮೀಣವೇ, ಅಲ್ಲಿಂದ ಬರವಣಿಗೆಯಲ್ಲಿ ಪತ್ರ ತರಿಸಿಕೊಳ್ಳಿ. ನಗರ ಎಂದಾದರೆ ನಗರ ಎಂದೇ ತುಂಬಿ. ಸುಳ್ಳು ತುಂಬಿದರೆ ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಸೀಟು ಹೋಗುತ್ತದೆ, ಮತ್ತೆ ಪರೀಕ್ಷೆ ಬರೆಯುವ ಅವಕಾಶವೂ ಇಲ್ಲ. ಗ್ರಾಮೀಣ ಸೀಟು ತಪ್ಪಿದರೂ ಪರಿಶಿಷ್ಟ ಜಾತಿ ಮೀಸಲಾತಿ ಉಳಿಯುತ್ತದೆ. ಹೆಣ್ಣುಮಕ್ಕಳಿಗೆ ಮೂರನೇ ಒಂದು ಭಾಗ ಸೀಟೂ ಇದೆ. ಖಂಡಿತ ಹಾಕಿಸಿ.

ಗ್ರಾಮ ಒನ್ ಆಪರೇಟರ್: ಅರ್ಜಿಗೆ ಶುಲ್ಕವಿಲ್ಲ. ವೆಬ್‌ಸೈಟಿನಿಂದ ಪ್ರಮಾಣಪತ್ರದ ನಮೂನೆ ಇಳಿಸಿಕೊಂಡು ಫೋಟೊ ಅಂಟಿಸಿ, ಮಗು ಮತ್ತು ಪೋಷಕರ ಸಹಿ ಹಾಕಿಸಿ, ಮುಖ್ಯ ಶಿಕ್ಷಕರ ಸಹಿ-ಮೊಹರು ಹಾಕಿಸಿ. ಆಮೇಲೆ ಸ್ಕ್ಯಾನ್ ಮಾಡಿ ಏರಿಸುವುದು. ಕಡತದ ಗಾತ್ರ ಮೀರಿದರೆ ತೆಗೆದುಕೊಳ್ಳುವುದಿಲ್ಲ, ಮೊಬೈಲಿನಲ್ಲಿ ತೆಗೆದ ಫೋಟೊವನ್ನು ಕುಗ್ಗಿಸಿಕೊಳ್ಳಿ. ಅಪ್ಪ-ಅಮ್ಮನ ಆಧಾರ್ ವಿಳಾಸ ಬೆಂಗಳೂರಿಗೆ ಬದಲಾಗಿದೆಯೇ ಎಂದು ಈಗಲೇ ನೋಡಿ. ಮಗು 5ನೇ ತರಗತಿ ಓದುವ ಜಿಲ್ಲೆಯಲ್ಲೇ ವಾಸವೂ ಇರಬೇಕು. ಕೊನೆಯ ದಿನಾಂಕ ಮುಗಿದ ಮೇಲೆ ತಿದ್ದುಪಡಿಗೆ ಒಂದೆರಡು ದಿನ ಕೊಡುತ್ತಾರೆ. ಲಿಂಗ, ಮೀಸಲಾತಿ ವರ್ಗ, ಗ್ರಾಮೀಣ/ನಗರ, ಅಂಗವೈಕಲ್ಯ, ಪರೀಕ್ಷೆಯ ಭಾಷೆ ಇವನ್ನಷ್ಟೇ ಆಗ ಸರಿಪಡಿಸಬಹುದು.

ಇದನ್ನು ಓದುವ ಹಿಂದುಳಿದ ವರ್ಗದವರಿಗೂ ಒಂದು ಮಾತು: ಇಲ್ಲಿ ನಡೆಯುವುದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ 3ಬಿ ಸರ್ಟಿಫಿಕೇಟ್ ಇದ್ದರೂ ಜಾತಿ ಆ ಪಟ್ಟಿಯಲ್ಲಿ ಇಲ್ಲದಿರಬಹುದು.

5ನೇ ತರಗತಿ ಶಿಕ್ಷಕಿ: ಪ್ರವೇಶ ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ, 50 ಅಂಕ ಬರೀ ಚಿತ್ರಗಳದ್ದು: ಗುಂಪಿಗೆ ಸೇರದ ಚಿತ್ರ, ಕನ್ನಡಿ ಬಿಂಬ, ಕಾಗದ ಮಡಚಿ ತೂತು ಹಾಕಿ ಬಿಡಿಸಿದರೆ ಹೇಗೆ ಕಾಣುತ್ತದೆ ಎಂಬಂಥವು. ಓದು ತಡವರಿಸುವ ಮಗುವೂ ಇಲ್ಲಿ ಅಂಕ ತೆಗೆಯಬಹುದು, ಅದಕ್ಕೇ ಇಲ್ಲಿಂದ ಶುರು ಮಾಡಿಸಿ ಅಕ್ಕ. ತೂತಿನ ಪ್ರಶ್ನೆಗೆ ಪುಸ್ತಕ ಬೇಡ, ಹಳೆ ಪೇಪರ್ ಮಡಚಿ ಕತ್ತರಿಸಿ ಕೈಯಲ್ಲೇ ಮಾಡಿಸಿ. ಕಣ್ಣು ಬೇಗ ಪಳಗುತ್ತದೆ.

ಗಣಿತ 20 ಪ್ರಶ್ನೆ, 25 ಅಂಕ. ಭಿನ್ನರಾಶಿ, ದಶಮಾಂಶ, ಲ.ಸಾ.ಅ., ಮ.ಸಾ.ಅ., ಲಾಭ-ನಷ್ಟ, ಸುತ್ತಳತೆ. ಶಾಲೆಯಲ್ಲಿ ಇವುಗಳಲ್ಲಿ ಕೆಲವು ಪಾಠ ಮುಗಿಯುವ ಮೊದಲೇ ಪರೀಕ್ಷೆ ಬಂದುಬಿಡಬಹುದು, ಮುಂಚಿತವಾಗಿ ಹೇಳಿಕೊಡಬೇಕು. ಭಾಷೆಯೂ 20 ಪ್ರಶ್ನೆ, ಗದ್ಯಭಾಗ ಓದಿ ಉತ್ತರಿಸುವುದು. ಕನ್ನಡದಲ್ಲೇ ಬರೆಯಬಹುದು.

ಮಕ್ಕಳು ಎಡವುವುದು ಓಎಂಆರ್ ಹಾಳೆಯಲ್ಲಿ, ಅಂದರೆ ಉತ್ತರದ ವೃತ್ತ ತುಂಬುವ ಹಾಳೆಯಲ್ಲಿ. ಒಂದು ಪ್ರಶ್ನೆ ಬಿಟ್ಟರೆ ಮುಂದಿನವೆಲ್ಲ ಒಂದು ಸಾಲು ಮೇಲಕ್ಕೆ ಹೋಗುತ್ತವೆ. ಹಾಳೆಯ ಜೆರಾಕ್ಸ್ ಮಾಡಿಸಿ, ವಾರಕ್ಕೊಂದು ಸಲ ಬಾಲ್ ಪೆನ್ನಿನಲ್ಲೇ ತುಂಬಿಸಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು ಎಂದು ಹೇಳಿಕೊಡಿ.

ಸಿಆರ್‌ಪಿ: ಖರ್ಚಿನ ಭಯ ಮನೆಯವರಿಗಿದ್ದರೆ ಹೇಳಿ: ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲ ಉಚಿತ. 9ನೇ ತರಗತಿಯಿಂದ ಇರುವ ವಿಕಾಸ ನಿಧಿ ಎಂಬ ತಿಂಗಳ ಶುಲ್ಕ ಹೆಣ್ಣುಮಕ್ಕಳಿಗೂ ಪರಿಶಿಷ್ಟರಿಗೂ ಇಲ್ಲ. ಸಾಮಾನ್ಯವಾಗಿ ಜಿಲ್ಲೆಗೊಂದು ಶಾಲೆ, ಹೆಚ್ಚೆಂದರೆ 80 ಸೀಟು. ಅದಕ್ಕಾಗಿ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆಗಳ 6ನೇ ತರಗತಿ ಪರೀಕ್ಷೆಗೂ ಹಾಕಿಸಿ. ಅದರ ಅರ್ಜಿ ಬೇರೆ, ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಈ ತಿಂಗಳೇ ಮಾಡಿಸಿಟ್ಟುಕೊಳ್ಳಿ.