‘ಹೋಗಿ ಸಾಯಿ’ ಅಂದರೆ ಜೈಲಾ? ಡಾಕ್ಯುಮೆಂಟರಿ ನೋಡಿ ತಲೆ ಕೆಟ್ಟಿದೆ

ಅಡಕೆಮನೆ_ಹುಡುಗ
ನಮ್ಮಲ್ಲಿ ಈಗ ಅಡಕೆ ಸುಲಿಯುವ ಕೆಲಸ. ರಾತ್ರಿ ಹತ್ತರವರೆಗೂ ಅಂಗಳದಲ್ಲೇ ಕೂತಿರುತ್ತೇವೆ. ಮೊನ್ನೆ ಬೇಜಾರು ಕಳೆಯಲಿ ಅಂತ ಫೋನನ್ನು ಬುಟ್ಟಿಗೆ ಒರಗಿಸಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಮೆಸೇಜ್ ಕೇಸಿನ ಬಗ್ಗೆ ಎಚ್‌ಬಿಒ 2019ರಲ್ಲಿ ತಂದ ಎರಡು ಕಂತಿನ ಡಾಕ್ಯುಮೆಂಟರಿ ಹಾಕಿದೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ನಡುನಡುವೆ ಹೇಳುತ್ತಾ ಹೋದೆ.

ಗೊತ್ತಿಲ್ಲದವರಿಗೆ: 2014ರ ಜುಲೈ. ಹುಡುಗನಿಗೆ 18, ಹುಡುಗಿಗೆ 17. ಎರಡು ವರ್ಷದ ಪರಿಚಯ, ಆದರೆ ಮುಖ ನೋಡಿದ್ದು ಬೆರಳೆಣಿಕೆಯಷ್ಟು ಸಲ, ಉಳಿದದ್ದೆಲ್ಲ ಮೆಸೇಜಿನಲ್ಲೇ. ಇಬ್ಬರ ಊರಿಗೂ ಹೆಚ್ಚುಕಮ್ಮಿ ನಮ್ಮ ತೀರ್ಥಹಳ್ಳಿ–ಶಿವಮೊಗ್ಗದಷ್ಟು ದೂರ. ಅವನಿಗೆ ಮೊದಲಿಂದಲೂ ಖಿನ್ನತೆ. ಇವಳೂ ಮಾತ್ರೆ ತಗೊಳ್ಳುತ್ತಿದ್ದವಳೇ. ಅವನು ಸಾಯುವ ಮಾತೆತ್ತಿದಾಗ ಮೊದಮೊದಲು ‘ಬೇಡ, ಯಾರಿಗಾದರೂ ತೋರಿಸಿಕೋ’ ಅಂದವಳು ಕೊನೆಕೊನೆಗೆ ‘ಇವತ್ತಾ, ಯಾವಾಗ’ ಅಂತ ಬೆನ್ನು ಬಿದ್ದಳು. ಆ ರಾತ್ರಿ ಸಾಯಲೆಂದು ಗಾಡಿಯಲ್ಲಿ ಕೂತವನು ಹೆದರಿ ಇಳಿದಿದ್ದಾನೆ. ಇವಳು ಫೋನಿನಲ್ಲಿ ‘ವಾಪಸ್ ಹೋಗು’ ಅಂದಿದ್ದಾಳೆ, ಅವನು ತೀರಿಕೊಂಡ. ಆ ಮಾತು ರೆಕಾರ್ಡ್ ಆಗಿಲ್ಲ. ಎರಡು ತಿಂಗಳಾದ ಮೇಲೆ ಅವಳೇ ಗೆಳತಿಗೆ ಬರೆದದ್ದರಿಂದ ಗೊತ್ತಾದದ್ದು.

ಮೊದಲ ಕಂತು ಸರ್ಕಾರಿ ವಕೀಲರ ಕಡೆಯಿಂದ. ಮುಗಿದಾಗ ನನಗೆ ಮೈ ಉರಿಯುತ್ತಿತ್ತು. ಎರಡನೆಯದು ಅವಳ ವಕೀಲರ ಕಡೆಯಿಂದ. ಅದು ಮುಗಿದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಮ್ಮ ಮಾತ್ರ ಕೈಯಲ್ಲಿದ್ದ ಅಡಕೆಯನ್ನು ಮೆಟ್ಟುಗತ್ತಿಗೆ ಒತ್ತದೆ ಹಾಗೇ ಹಿಡಿದುಕೊಂಡು, “ಅವನ ಅಮ್ಮಂಗೆ ಒಂದು ಫೋನ್ ಮಾಡ್ಲಿಕ್ಕೆ ಎಂತ ಆಗಿತ್ತು ಅವಳಿಗೆ?” ಅಂದರು.

ನನ್ನ ಪ್ರಶ್ನೆ ಇಷ್ಟೆ. ನಮ್ಮ ಕಡೆ ‘ಎಲ್ಲಾದ್ರೂ ಹೋಗಿ ಸಾಯಿ’ ಅನ್ನದ ಮನೆ ಇದೆಯಾ? ನಮ್ಮಜ್ಜಿ ಹಾಲು ಕೊಡದ ಹಸುವಿಗೂ ಅನ್ನುತ್ತಿದ್ದರು. ಮಾತು ಅಪರಾಧ ಆಗುವುದು ಯಾವಾಗ?

ಮಂಡಕ್ಕಿ_ಗೋಪಿಸರ್ಕಲ್
ಎಂತ ಪ್ರಶ್ನೆ ಮಾರಾಯ ಇದು. ಬೇಕಂತಲೇ ಮಾಡಿದ್ದಾಳೆ, ಎಲ್ಲರ ಕಡೆಯಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳಲಿಕ್ಕೆ. ಎರಡೂವರೆ ವರ್ಷ ಶಿಕ್ಷೆ, ಅದರಲ್ಲೂ ಒಳಗೆ ಇರಬೇಕಾದದ್ದು 15 ತಿಂಗಳು. ಅದನ್ನೂ ಪೂರ್ತಿ ಮಾಡದೆ 2020ರ ಜನವರಿಯಲ್ಲಿ ಹೊರಗೆ. ಎರಡನೇ ಕಂತು ಸುಮ್ನೆ ಕಣ್ಣೀರು ಹಾಕಿಸಲಿಕ್ಕೆ ಮಾಡಿದ್ದು.

ಕರಿಕೋಟು_ಶಿವಮೊಗ್ಗ
ನಾನು ಇಲ್ಲೇ ಕೋರ್ಟಿನಲ್ಲಿ ವಕೀಲೆ. ತಮ್ಮ, ನಿಮ್ಮ ಅಮ್ಮ ಕೇಳಿದ್ದನ್ನೇ ಆ ಜಡ್ಜೂ ಕೇಳಿದ್ದು, ಗಮನಿಸಿದೆಯಾ? 2017ರ ತೀರ್ಪಿನಲ್ಲಿ ಲಾರೆನ್ಸ್ ಮೊನೀಜ್ ಬರೀ ಮೆಸೇಜುಗಳ ಮೇಲೆ ಅವಳನ್ನು ತಪ್ಪಿತಸ್ಥೆ ಅನ್ನಲಿಲ್ಲ. ಹುಡುಗ ಗಾಡಿಯಿಂದ ಇಳಿದಾಗ ತನ್ನ ಜೀವ ತಾನೇ ಉಳಿಸಿಕೊಂಡಿದ್ದ. ಅವನನ್ನು ಮತ್ತೆ ಅಪಾಯಕ್ಕೆ ಕಳಿಸಿದ್ದು ಇವಳು. ಹಾಗೆ ಕಳಿಸಿದ ಮೇಲೆ ಉಳಿಸುವ ಹೊಣೆಯೂ ಇವಳದ್ದೇ. ಅವನು ಎಲ್ಲಿದ್ದಾನೆ ಅಂತ ಗೊತ್ತಿದ್ದೂ ಪೊಲೀಸರಿಗೆ ಹೇಳಲಿಲ್ಲ, ಮನೆಯವರಿಗೆ ಹೇಳಲಿಲ್ಲ, ‘ಇಳಿ’ ಅಂತ ಅವನಿಗೂ ಹೇಳಲಿಲ್ಲ. ಅಲ್ಲಿ ಆತ್ಮಹತ್ಯೆಗೆ ಪ್ರಚೋದನೆ ಅಂತ ಬೇರೆ ಕಾನೂನೇ ಇರಲಿಲ್ಲ. ಅದಕ್ಕೇ ಉದ್ದೇಶವಿಲ್ಲದ ನರಹತ್ಯೆ ಅಂತ ಹಾಕಬೇಕಾಯಿತು. 2019ರಲ್ಲಿ ಆ ರಾಜ್ಯದ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ನಮ್ಮಲ್ಲಿ ಕಾನೂನು ಇದೆ. ಮೊದಲು ಐಪಿಸಿ 306 ಇತ್ತು, 2024ರ ಜುಲೈ 1ರಿಂದ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 108. ಹತ್ತು ವರ್ಷದವರೆಗೆ ಶಿಕ್ಷೆ. ಆದರೆ ಬಾಯಿಗೆ ಬಂದ ಬೈಗುಳ ಸಾಲುವುದಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೀಗೊಂದು ಕೇಸು ಬಂದಿತ್ತು. ಜಗಳದಲ್ಲಿ ಒಬ್ಬ ‘ಹೋಗಿ ಸಾಯಿ’ ಅಂದಿದ್ದ, ಎರಡು ದಿನ ಬಿಟ್ಟು ಇನ್ನೊಬ್ಬ ತೀರಿಕೊಂಡ. ಸಿಟ್ಟಿನ ಮಾತು ಪ್ರಚೋದನೆ ಅಲ್ಲ ಅಂತ ಕೋರ್ಟು ಕೇಸನ್ನೇ ರದ್ದು ಮಾಡಿತು. ನಿಮ್ಮ ಅಜ್ಜಿ ಬಚಾವ್, ಹಸುವಿನ ವಿಷಯದಲ್ಲೂ.

ಇನ್ನೊಂದು, ಯಾರೂ ಹೇಳುವುದಿಲ್ಲ. ಅವಳಿಗೆ 17. ನಮ್ಮಲ್ಲಾಗಿದ್ದರೆ ಬಾಲನ್ಯಾಯ ಮಂಡಳಿಗೆ ಹೋಗುತ್ತಿತ್ತು. 16 ದಾಟಿದವರನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಲಿಕ್ಕೆ ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಅಪರಾಧ ಆಗಬೇಕು. ಇದಕ್ಕೆ ಕನಿಷ್ಠ ಅನ್ನುವುದೇ ಇಲ್ಲ. ಹೆಚ್ಚೆಂದರೆ ಮೂರು ವರ್ಷ, ತಪ್ಪು ಮಾಡಿದ ಮಕ್ಕಳನ್ನು ಇಡುವ ವಿಶೇಷ ಗೃಹದಲ್ಲಿ.

ಹೊಸನಗರದ_ಮಳೆ
ಮೇಡಂ, ಕಾನೂನು ಸರಿ. ನಮ್ಮ ಮನೆಯ ಕಥೆ ಕೇಳಿ. ಸಂಘದ ಸಾಲದ ಮೂರು ಕಂತು ಬಾಕಿ ಇತ್ತು. ವಸೂಲಿಗೆ ಬಂದವನು ಜಗುಲಿ ಮೇಲೆ ಕೂತು, ನೆರೆಮನೆಯವರಿಗೆಲ್ಲ ಕೇಳುವ ಹಾಗೆ, “ನೀವು ಸತ್ತರೆ ಇನ್ಶೂರೆನ್ಸಿನಲ್ಲಾದರೂ ತೀರುತ್ತದೆ ಅಕ್ಕಾ” ಅಂದ. ಸಿಟ್ಟಿನಲ್ಲಿ ಅಲ್ಲ. ಟೀ ಕುಡಿಯುತ್ತಾ, ನಗುತ್ತಾ. ನನ್ನ ಹೆಂಡತಿಯೇ ಮಾಡಿಕೊಟ್ಟ ಟೀ. ಆಮೇಲೆ ಅವಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ನಾನು ಎರಡು ರಾತ್ರಿ ಮಲಗಲಿಲ್ಲ. ಏನೂ ಆಗಲಿಲ್ಲ, ದೇವರ ದಯೆ. ಆ ಅಮೆರಿಕದ ಹುಡುಗಿ ನನಗೆ ಅರ್ಥ ಆಗುತ್ತಾಳೆ, ಚಿಕ್ಕವಳು, ಅವಳ ತಲೆಯೂ ಸರಿ ಇರಲಿಲ್ಲ. ಇವನು ಮಾತ್ರ ಅರ್ಥ ಆಗುವುದಿಲ್ಲ.

ಕರಿಕೋಟು_ಶಿವಮೊಗ್ಗ
ಅಣ್ಣ, ಅದು ಬೈಗುಳ ಅಲ್ಲ, ಒತ್ತಡ. ಬೇರೆಯೇ. 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಕಿರುಸಾಲದ ಕಿರುಕುಳಕ್ಕೇ ಅಂತ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಮತ್ತೆ ಹಾಗೆ ಬಂದರೆ ತಾರೀಖು, ಹೊತ್ತು, ಜೊತೆಗಿದ್ದವರ ಹೆಸರು ಬರೆದಿಟ್ಟುಕೊಂಡು ಠಾಣೆಗೆ ಹೋಗಿ.

ಆದರೆ ಆ 108ನೇ ಸೆಕ್ಷನ್ನಿನ ಇನ್ನೊಂದು ಮುಖವನ್ನೂ ನಾನು ದಿನಾ ನೋಡುತ್ತೇನೆ. ಸತ್ತವರು ಬರೆದಿಟ್ಟ ಚೀಟಿಯಲ್ಲಿ ಹೆಸರಿದೆ ಅಂತ ಕೊಟ್ಟ ಸಾಲ ವಾಪಸ್ ಕೇಳಿದವನನ್ನೂ ಹಿಡಿದು ತರುತ್ತಾರೆ. ವರ್ಷಗಟ್ಟಲೆ ತಾರೀಖಿಗೆ ಓಡಾಡಿ ಕೊನೆಗೆ ಬಿಡುಗಡೆ. ಅಷ್ಟರಲ್ಲಿ ಮಗಳ ಮದುವೆ ಮುರಿದಿರುತ್ತದೆ.

ಮಂಡಕ್ಕಿ_ಗೋಪಿಸರ್ಕಲ್
ಸರಿ, ಕಾನೂನು ಏನೇ ಇರಲಿ. ಆ ಹುಡುಗಿಗೆ 15 ತಿಂಗಳು ಕಮ್ಮಿಯೇ. ನನ್ನ ಅಭಿಪ್ರಾಯ ಬದಲಾಗಲ್ಲ.

ನೈಟ್‌ಡ್ಯೂಟಿ_ಸಾಗರ
ನಾನು ನರ್ಸು. ವಾರ್ಡಿನಲ್ಲಿ ಬದುಕಿ ಉಳಿದವರನ್ನೇ ಜಾಸ್ತಿ ನೋಡುವುದು. ಎಚ್ಚರ ಆದ ತಕ್ಷಣ ಸುಮಾರು ಜನ ಕೇಳುವುದು ‘ಅಮ್ಮ ಬಂದ್ರಾ’ ಅಂತ. ಆ ಹುಡುಗ ಗಾಡಿಯಿಂದ ಇಳಿದದ್ದನ್ನು ನೋಡುವಾಗ ನನಗೆ ಅದೇ ನೆನಪಾಯಿತು. ಕೊನೆ ಗಳಿಗೆಯಲ್ಲೂ ಮನಸ್ಸು ಎರಡು ದಾರಿ ನೋಡುತ್ತಿರುತ್ತದೆ. ಯಾರಾದರೂ ‘ಸಾಕಾಯ್ತು’ ಅಂತ ಬರೆದರೆ ಬುದ್ಧಿ ಹೇಳಲಿಕ್ಕೆ ಹೋಗಬೇಡಿ. ಎಲ್ಲಿದ್ದೀಯ ಅಂತ ಕೇಳಿ, ಹತ್ತಿರ ಇರುವವರನ್ನು ಕಳಿಸಿ. 14416 ಟೆಲಿ ಮಾನಸ್, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪೊಲೀಸ್ ಕೇಸಾಗುತ್ತದೆ ಅಂತ ಆಸ್ಪತ್ರೆಗೆ ಕರೆತರಲು ಇನ್ನೂ ಹೆದರುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಆ ಹೆದರಿಕೆ ಬೇಕಿಲ್ಲ, ಬದುಕಿ ಉಳಿದವರಿಗೆ ಶಿಕ್ಷೆ ಅಲ್ಲ, ಚಿಕಿತ್ಸೆ.

ಅಡಕೆಮನೆ_ಹುಡುಗ
ಎಲ್ಲರದ್ದನ್ನೂ ಅಮ್ಮನಿಗೆ ಓದಿ ಹೇಳಿದೆ. ಜಡ್ಜೂ ಅದನ್ನೇ ಕೇಳಿದರಂತೆ ಅಂದಾಗ, “ಮತ್ತೆ?” ಅಂದರು, ಅದರಲ್ಲಿ ಆಶ್ಚರ್ಯ ಏನಿದೆ ಅನ್ನುವ ಹಾಗೆ. ಹೊಸನಗರದ ಅಣ್ಣನದ್ದು ಓದಿದಾಗ ಮಾತ್ರ ಏನೂ ಹೇಳದೆ ಎದ್ದು ಒಳಗೆ ಹೋದರು. ನಮ್ಮದೂ ಸಂಘದಲ್ಲಿ ಎರಡು ಕಂತು ಬಾಕಿ ಇದೆಯಂತೆ. ನನಗೆ ಇವತ್ತೇ ಗೊತ್ತಾದದ್ದು.